ಒಂದು ಕುಚ್ಚು ಬಾಲದ ಕೂದಲು

ಕುದುರೆ ಪ್ರದರ್ಶನದ ಸಮಿತಿ ಅಫಜಲಪುರದ ಪಶು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮೊದಲ ಸಲ ಸೇರಿದಾಗ, ಚಹಾ ಬರುವ ಮುನ್ನವೇ ಜಗಳ ಬಂತು.

"ಈಗ ಕುದುರಿ ಯಾರಿಗೆ ಬೇಕಾಗ್ಯಾವ್ರೀ?" ಎಂದ ಮಲ್ಲಣ್ಣ. ಅವನು ಲಾರಿ ಇಟ್ಟವನು. ಪೆಂಡಾಲಿನ ಬಿದಿರು ಸಾಗಿಸಲು ಬೇಕಾಗುತ್ತಾನೆಂದು ಅವನನ್ನು ಸಮಿತಿಗೆ ಸೇರಿಸಿಕೊಂಡಿದ್ದರು. "ಎತ್ತಿನ ಪ್ರದರ್ಶನ ಇಟ್ರ ಸುತ್ತಮುತ್ತಲ ಹಳ್ಳಿ ಮಂದಿ ಬರ್ತಾರ. ಕುದುರಿ ನೋಡಾಕ ಆಳಂದದ ಟಾಂಗಾದವರು ಬರ್ತಾರ, ಅವರೂ ಆ ದಿನ ಸವಾರಿ ಸಿಗಲಿಲ್ಲಂದ್ರ."

ಎಲ್ಲರೂ ನಕ್ಕರು. ಪಶುವೈದ್ಯ ದೇವೀಂದ್ರಪ್ಪ ಮಾತ್ರ ನಗಲಿಲ್ಲ. ಅವರು ಕೈಯಲ್ಲಿದ್ದ ಕಾಗದವನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು.

"ನಗ್ರಿ. ಕುದುರಿ ಕಾಲಿಗೆ ನಾಲು ಹೊಡಿಯಾಂವ ಕಲಬುರ್ಗಿಯಿಂದ ಬರಬೇಕು. ಯಾವ ಊರಾಗ ಕುದುರಿ ಅದಾವ ಅಂತ ಅಂವಗ ಗೊತ್ತಿಲ್ಲ, ಅಂವ ಎಲ್ಲಿದ್ದಾನ ಅಂತ ಕುದುರಿ ಇದ್ದವರಿಗೆ ಗೊತ್ತಿಲ್ಲ. ಜೀನು ಹೊಲಿಯಾಂವ ಈಗ ಚೀಲ ಹೊಲಿಯಾಕತ್ಯಾನ. ಒಂದ್ ಕಾಲಕ್ಕ ಭೀಮಾ ದಂಡಿ ಕುದುರಿ ಅಂದ್ರ ಪುಣಾದ ತನಕ ಹೆಸರಿತ್ತು. ಈಗ ಒಬ್ಬರ ಮನ್ಯಾಗ ಗಂಡು ಅದ, ಇನ್ನೊಬ್ಬರ ಮನ್ಯಾಗ ಹೆಣ್ಣು ಅದ, ನಡುವ ಜಗಳ ಅದ. ಎಲ್ಲಾ ಕುದುರಿ ಒಂದ್ ಬಯಲಾಗ ತಂದು ನಿಂದರಿಸಿದ್ರ ಮಾತ್ರ ಏನ್ ಉಳದದ, ಏನ್ ಹೋಗ್ಯದ ಗೊತ್ತಾಗೂದು."

ಜಗಳವೆಂಬ ಮಾತು ಯಾರ ಕಡೆ ಹೋಯಿತೆಂದು ಎಲ್ಲರಿಗೂ ತಿಳಿದಿತ್ತು. ಸಮಿತಿಯ ಅಧ್ಯಕ್ಷ ಅತನೂರಿನ ಬಸವಂತರಾಯ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅವನ ಹೆಂಡತಿ ಶಿವಕಾಂತಾ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತು ಬರೆದುಕೊಳ್ಳುತ್ತಿದ್ದಳು. ಅವಳು ಬಿ.ಎ. ಓದಿದವಳು, ಗಂಡನ ಅರ್ಜಿ, ಭಾಷಣ, ಆಮಂತ್ರಣಗಳನ್ನೆಲ್ಲ ಅವಳೇ ಬರೆಯುತ್ತಿದ್ದಳು. ಸಹಿ ಮಾತ್ರ ಅವನದು.

"ಪ್ರದರ್ಶನ ಆಗ್ತದ," ಎಂದ ಬಸವಂತರಾಯ. "ಆದ್ರ ಲಗ್ನದ ಕುದುರಿ ಬ್ಯಾಡ. ಗೆಜ್ಜಿ ಕಟಗೊಂಡು ಬ್ಯಾಂಡಿನ ಮುಂದ ಕುಣಿಯೂವು. ಅವನ್ನ ಕುದುರಿ ಅಂತಾರೇನು?"

"ರಾಯರ, ಇವತ್ತು ಕುದುರಿ ಮ್ಯಾಲ ಹೊಟ್ಟಿ ಹೊರಿಯಾವರೇ ಅವರು," ಎಂದರು ಡಾಕ್ಟರು. "ನೀವು ಶೋಕಿಗೆ ಸಾಕ್ತೀರಿ. ಅವರನ್ನ ಬಿಟ್ಟು ಮಾಡಿದ್ರ ಅದು ಪ್ರದರ್ಶನ ಅಲ್ಲ, ನಿಮ್ಮ ಮನಿ ಅಂಗಳ."

ಬಸವಂತರಾಯ ಪೆನ್ನಿನ ಮುಚ್ಚಳವನ್ನು ಹಾಕಿದ, ತೆಗೆದ, ಮತ್ತೆ ಹಾಕಿದ. ಶಿವಕಾಂತಾ ಅದನ್ನು ನೋಡಿದಳು. ಎಷ್ಟು ಮಂದಿ ಸೇರಿದರೂ ಸಾಲದೆನ್ನುವ ಗಂಡ ಬರುವವರನ್ನು ಬೇಡವೆನ್ನುತ್ತಿರುವುದು ಅವಳಿಗೆ ಹೊಸದಾಗಿ ಕಂಡಿತು. ಆದರೆ ಅವಳ ಲಕ್ಷ್ಯವೆಲ್ಲ ತಾನು ಬರೆದುಕೊಂಡು ತಂದಿದ್ದ ನಿಯಮಗಳ ಮೇಲಿತ್ತು, ಅದರಲ್ಲೂ ನಾಲ್ಕನೆಯದರ ಮೇಲೆ. ಕೊನೆಗೆ ಡಾಕ್ಟರ ಮಾತೇ ನಿಂತಿತು, ಲಗ್ನದ ಕುದುರೆಗಳಿಗೂ ಒಂದು ಸಾಲು ಎಂದಾಯಿತು. ನಿಯಮಗಳನ್ನು ಯಾರೂ ಗಮನವಿಟ್ಟು ಕೇಳಲಿಲ್ಲ. ಅಷ್ಟರಲ್ಲಿ ಚಹಾ ಬಂದಿತ್ತು.

ನಾಲ್ಕನೆಯ ನಿಯಮ ಹೀಗಿತ್ತು: ಮೊದಲ ಬಹುಮಾನ ಪಡೆದ ಗಂಡು ಕುದುರೆಯನ್ನು, ಪ್ರದರ್ಶನಕ್ಕೆ ಬಂದ ಯಾವ ಹೆಣ್ಣು ಕುದುರೆಗೂ ಆ ವರ್ಷ ಕೂಡಿಸಲು ಇಲ್ಲವೆನ್ನಬಾರದು, ಹುಟ್ಟಿದ ಮರಿಯ ಮೇಲೆ ಗಂಡು ಕುದುರೆಯ ಒಡೆಯನಿಗೆ ಹಕ್ಕಿಲ್ಲ.

ಬರೆದವಳ ಮನಸ್ಸಿನಲ್ಲಿ ಇದ್ದದ್ದು ಒಂದೇ ಗಂಡು, ಒಂದೇ ಹೆಣ್ಣು. ಗಂಡು ಅವಳ ಅಣ್ಣ ಶಾಂತಲಿಂಗಪ್ಪನ ಸರದಾರ. ಹೆಣ್ಣು ಅವಳ ಚಂದ್ರಿ.

ಚಂದ್ರಿ ಅವಳ ಜೊತೆ ತವರಿನಿಂದ ಬಂದ ಕುದುರೆ. ಭೀಮೆಯ ಆಚೆ ದಂಡೆ, ಜೇವರ್ಗಿ ಕಡೆಯ ಆ ಮನೆತನದಲ್ಲಿ ಮಗಳನ್ನು ಕೊಡುವಾಗ ಒಂದು ಹೆಣ್ಣು ಕುದುರೆಯನ್ನೂ ಕೊಡುವ ರೂಢಿ. ಆ ಕುದುರೆ ಹಾಕುವ ಮೊದಲ ಹೆಣ್ಣು ಮರಿ ಹಾಲು ಬಿಟ್ಟ ಮೇಲೆ ತವರಿಗೆ ತಿರುಗಿ ಬರಬೇಕು. ಮರಿ ಸತ್ತರೆ ಅದರ ಬಾಲದ ಕೂದಲಿನ ಒಂದು ಕುಚ್ಚನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕಳಿಸಬೇಕು. ಕುಚ್ಚು ಬಂದರೆ ಮುಗಿಯಿತು, ಮುಂದೆ ಯಾರೂ ಏನೂ ಕೇಳುವಂತಿಲ್ಲ.

ಚಂದ್ರಿ ಹೆಣ್ಣು ಮರಿ ಹಾಕಿದಾಗ ಶಿವಕಾಂತಾ ತುಂಬಿದ ಬಸುರಿ. ಮರಿಗೆ ಮೂರನೆಯ ದಿನ, ತವರಿನ ಪದ್ಧತಿಯಂತೆ, ಎಡಗಿವಿಯ ಒಳಗೆ ಕೇರುಬೀಜದ ಎಣ್ಣೆಯ ಗುರುತನ್ನು ಅವಳೇ ಇಟ್ಟಿದ್ದಳು. ಎಣ್ಣೆ ಸುಟ್ಟ ಕಡೆ ಮುಂದೆ ಬಿಳಿ ಕೂದಲು ಬರುತ್ತದೆ. ಬಾಗಲಾಗದೆ ಕೈ ಜಾರಿ ಒಂದು ಬೊಟ್ಟಿಗೆ ಎರಡು ಬೊಟ್ಟಾಗಿದ್ದವು. ಗಂಡ ಆಗ ನಕ್ಕಿದ್ದ.

ಮರಿ ಹಾಲು ಬಿಡುವ ಹೊತ್ತಿಗೆ ಅವಳು ತವರಿನಲ್ಲಿ ಬಾಣಂತಿ. ಒಂದು ಮಧ್ಯಾಹ್ನ ಅತನೂರಿನಿಂದ ಆಳು ಬೀರಣ್ಣ ಬಂದ. ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಹೊಟ್ಟೆ ಶೂಲೆ ಬಂದು ಮರಿ ಸತ್ತಿತೆಂದು ಹೇಳಿದ. ಒಳಕೋಣೆಯಲ್ಲಿ ಮಗುವಿಗೆ ಹಾಲೂಡಿಸುತ್ತಿದ್ದ ಅವಳಿಗೆ ಗಂಟು ಕಾಣಲಿಲ್ಲ, ಅಣ್ಣನ ಮಾತು ಕೇಳಿಸಿತು.

"ಇದು ಮರಿ ಬಾಲ ಅಲ್ಲ. ಮರಿ ಬಾಲ ಹತ್ತಿ ಹಂಗ ಮೆತ್ತಗ ಇರ್ತದ. ಇದು ಯಾವ ಕುದುರಿದು, ನಿಮ್ಮ ರಾಯಗ ಕೇಳು. ಸುಳ್ಳ ಸೂಳಿಮಗ."

ಗಂಟು ಅಂಗಳಕ್ಕೆ ಬಿದ್ದ ಸದ್ದೂ ಅವಳಿಗೆ ಕೇಳಿಸಿತು. ತನ್ನ ಗಂಡನನ್ನು ಆಳಿನ ಮುಂದೆ ಅಣ್ಣ ಬೈದನೆಂಬುದೊಂದೇ ಅವಳ ತಲೆಯಲ್ಲಿ ನಿಂತಿತು. ಬಾಣಂತನ ಮುಗಿಯುವ ಮೊದಲೇ ಕೂಸನ್ನು ಎತ್ತಿಕೊಂಡು ಹೊಳೆ ದಾಟಿ ಅತನೂರಿಗೆ ಬಂದುಬಿಟ್ಟಳು. ಅಣ್ಣ ತಡೆಯಲಿಲ್ಲ. ಕೂಸು ಈಗ ಶಾಲೆಗೆ ಹೋಗುವ ಹುಡುಗಿ. ಆ ಮಗುವಿಗೆ ಸೋದರಮಾವನ ಮುಖ ಗೊತ್ತಿಲ್ಲ.

ಆಮೇಲೆ ಚಂದ್ರಿ ಎರಡು ಸಲ ಗಬ್ಬ ಕಳೆದುಕೊಂಡಿತು. ಈಗ ಅದರ ಹಲ್ಲು ಉದ್ದವಾಗಿವೆ, ಬೆನ್ನು ಬಾಗಿದೆ. ಈ ಹೋಳಿಯೊಳಗೆ ಕೂಡಿಸಿದರೆ ಆಯಿತು, ಮುಂದಿನ ವರ್ಷದ ಭರವಸೆ ತಾನು ಕೊಡಲಾರೆನೆಂದು ಡಾಕ್ಟರು ಹೇಳಿದ್ದರು. ಆ ತಳಿಯ ಗಂಡು ಹೊಳೆಯ ಎರಡೂ ದಂಡೆಗೆ ಒಂದೇ ಉಳಿದಿತ್ತು. ಅದು ಅಣ್ಣನ ಕೊಟ್ಟಿಗೆಯಲ್ಲಿತ್ತು. ಕೇಳಲು ಹೋದರೆ ಅವನು ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಅವಳು ಪ್ರದರ್ಶನದ ಮಾತನ್ನು ಡಾಕ್ಟರ ಕಿವಿಗೆ ಹಾಕಿದ್ದು, ಗಂಡನಿಗೆ ಅಧ್ಯಕ್ಷತೆಯ ಆಸೆ ಹುಟ್ಟಿಸಿದ್ದು, ನಾಲ್ಕನೆಯ ನಿಯಮ ಬರೆದದ್ದು. ಅಣ್ಣನಿಗೆ ಕಾಗದವನ್ನು ಕೊನೆಯ ತನಕ ಓದುವ ಅಭ್ಯಾಸವಿಲ್ಲ. ಕುದುರೆಯನ್ನು ನಾಲ್ಕು ಜನ ನೋಡಿ ಹೊಗಳಲಿ ಎಂಬ ಹಸಿವು ಮಾತ್ರ ಬಹಳ. ಎರಡೂ ಅವಳಿಗೆ ಗೊತ್ತಿತ್ತು.

*

ಎಂಬತ್ತಾರರ ಜನವರಿಯ ಕೊನೆಯ ವಾರ ಪಶು ಆಸ್ಪತ್ರೆಯ ಬಯಲು ತುಂಬಿತು. ಮಲ್ಲಣ್ಣನ ಲೆಕ್ಕ ತಪ್ಪಿತ್ತು. ಆಳಂದದ ಟಾಂಗಾದವರು ಸಾಲಾಗಿ ಬಂದಿದ್ದರು. ಗಾಣಗಾಪುರಕ್ಕೆ ಬರುವ ಭಕ್ತರನ್ನು ಚೌಡಾಪುರದಿಂದ ಸಾಗಿಸುವವರೂ ಬಂದಿದ್ದರು. ನಾಲು ಹೊಡೆಯುವವನೊಬ್ಬ ಕುಲುಮೆ ಹೂಡಿದ್ದ. ಅವನ ಸುತ್ತ ಯಾವಾಗಲೂ ನಾಲ್ಕೈದು ಕುದುರೆಗಳು ಕಾದು ನಿಂತಿರುತ್ತಿದ್ದವು. ಅಪರಿಚಿತರು ಒಬ್ಬರ ಕುದುರೆಯ ಬಾಯಿ ಇನ್ನೊಬ್ಬರು ತೆರೆದು ನೋಡುತ್ತಿದ್ದರು. ಯಾವ ಊರಿನ ಮೇವು ಒಗ್ಗುವುದಿಲ್ಲ, ಯಾವ ದಲ್ಲಾಳಿಯ ಮಾತು ನಂಬುವಂತಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಇಷ್ಟು ಕುದುರೆಗಳು ಈ ಭಾಗದಲ್ಲಿ ಉಳಿದಿವೆಯೆಂದು ಕುದುರೆ ಸಾಕಿದವರಿಗೇ ಗೊತ್ತಿರಲಿಲ್ಲ.

ಶಾಂತಲಿಂಗಪ್ಪ ಬಂದಾಗ ಮಾತು ತಗ್ಗಿತು. ಅವನು ಸರದಾರನನ್ನು ಹತ್ತಿ ಬಂದಿರಲಿಲ್ಲ, ಹಗ್ಗ ಹಿಡಿದು ನಡೆಸಿಕೊಂಡು ಬಂದಿದ್ದ. ಎತ್ತರವಲ್ಲದ, ಗಟ್ಟಿ ಎದೆಯ, ಹೊಳೆಯ ಮರಳಿನ ಬಣ್ಣದ ಕುದುರೆ. ಜನ ದಾರಿ ಬಿಟ್ಟರು. ಶಿವಕಾಂತಾ ಚಂದ್ರಿಯ ಹತ್ತಿರ ನಿಂತಿದ್ದಳು. ಅಣ್ಣನ ಗಡ್ಡದಲ್ಲಿ ಬಿಳಿ ಬಂದಿತ್ತು. ಅವನು ಚಂದ್ರಿಯನ್ನು ನೋಡಿದ, ಕಾಲು ನೋಡಿದ, ಬೆನ್ನು ನೋಡಿದ. ಅವಳನ್ನು ನೋಡಲಿಲ್ಲ.

"ಮುದಿಕಿ ಆಗ್ಯಾಳ," ಎಂದು ಕುದುರೆಗೆ ಹೇಳುವಂತೆ ಹೇಳಿದ. "ಯಾರ ಮನ್ಯಾಗ ಬಿದ್ದಿ ನೋಡು."

"ಅಣ್ಣಾ," ಎಂದಳು ಶಿವಕಾಂತಾ.

ಅವನು ಮುಂದೆ ಹೋದ. ಪೆಂಡಾಲಿನ ಕೆಳಗೆ ಕುಳಿತಿದ್ದ ಬಸವಂತರಾಯ ಎಲ್ಲರಿಗೂ ಕೇಳುವಂತೆ, "ಬರ್ರಿ ಬರ್ರಿ, ನದಿ ದಾಟಿ ಬಂದೀರಿ, ಕಾಲು ತೊಯ್ದಾವೇನು?" ಎಂದ. ಶಾಂತಲಿಂಗಪ್ಪ ತಿರುಗಿ, "ಕಾಲು ತೊಯ್ದ್ರ ಒಣಗ್ತಾವ. ಬಾಯಿ ಹೊಲಸಾದ್ರ ಏನ್ ಮಾಡಾಕ ಬರ್ತದ?" ಎಂದ. ಕೆಲವರು ನಕ್ಕರು. ಯಾರ ಕಡೆಯವರು ನಕ್ಕರೆಂದು ಬಸವಂತರಾಯ ಕಣ್ಣಾಡಿಸಿ ನೋಡಿಕೊಂಡ.

ತೀರ್ಪು ಕೊಡಲು ಹೈದರಾಬಾದಿನಿಂದ ಬಂದಿದ್ದ ನಿವೃತ್ತ ಅಧಿಕಾರಿ ಗಂಡು ಕುದುರೆಗಳನ್ನು ಒಂದೊಂದಾಗಿ ಓಡಿಸಿ ನೋಡುತ್ತಿದ್ದರು. ಅದನ್ನು ನೋಡುತ್ತ ನಿಲ್ಲಲಾರದೆ ಶಿವಕಾಂತಾ ಚಂದ್ರಿಯನ್ನು ಬೀರಣ್ಣನಿಗೆ ಒಪ್ಪಿಸಿ ನೀರಿನ ತೊಟ್ಟಿಯ ಕಡೆ ನಡೆದಳು.

ತೊಟ್ಟಿಯ ಹತ್ತಿರ ಲಗ್ನದ ಕುದುರೆಗಳ ಸಾಲು. ಜರಿಯ ಜೀನು, ಹಣೆಗೆ ಗೊಂಡೆ, ಕಾಲಿಗೆ ಗೆಜ್ಜೆ. ಅದರಲ್ಲಿ ಮರಳಿನ ಬಣ್ಣದ್ದೊಂದು ನೀರು ಕುಡಿಯುತ್ತಿತ್ತು. ಕುಡಿಯುತ್ತಿತ್ತು ಎನ್ನುವುದಕ್ಕಿಂತ ಆಡುತ್ತಿತ್ತು: ಮೂಗಿನ ಹೊಳ್ಳೆ ಮುಳುಗುವ ತನಕ ಮುಖ ಅದ್ದಿ ಗುಳುಗುಳು ಉಸಿರು ಬಿಟ್ಟು, ಗುಳ್ಳೆ ಎದ್ದಾಗ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಶಿವಕಾಂತಾಳಿಗೆ ನಗು ಬಂತು. ಚಂದ್ರಿಯ ಚಾಳಿಯೂ ಇದೇ. ಮರುಗಳಿಗೆಗೆ ಆ ನಗು ನಿಂತಿತು.

"ಜರಾ ದೂರ ನಿಂದರ್ರಿ ಬಾಯಿ, ಹೊಸಬರಿಗೆ ಕಚ್ಚತಾಳ," ಎಂದ ಕುದುರೆಯವನು. ತೆಳ್ಳಗಿನ ಮನುಷ್ಯ, ತಲೆಗೆ ಕೈಹೆಣಿಗೆಯ ಟೋಪಿ. ಹೆಸರು ಖಾಜಾ, ಊರು ಆಳಂದ, ಕುದುರೆ ರೋಶನಿ ಎಂದು ಕೇಳದೆಯೇ ಹೇಳಿದ.

"ಈಕಿ ಎಲ್ಲೀಕಿ?"

"ಮರಿ ಇದ್ದಾಗ ಕಲಬುರ್ಗಿ ಗುತ್ತೇದಾರರ ಮನಿಯಾಗ ಇದ್ಳು. ಅವರ ಹುಡುಗರಿಗೆ ಬ್ಯಾಸರಾತು, ನಾ ತಂದೆ. ಅವರಿಗೆ ಯಾರೋ ಇಲೆಕ್ಷನ್ನಿನಾಗ ಖುಷಿಗೆ ಕೊಟ್ಟಿದ್ರಂತ. ಇದೇ ಕಡಿ ರಾಯರು." ಅವನು ಕುದುರೆಯ ಕುತ್ತಿಗೆ ತಟ್ಟಿದ. "ನಾ ಕೇಳಾಕ ಹೋಗಿಲ್ಲ. ಯಾಕ್ರೀ?"

ಶಿವಕಾಂತಾ ಕುದುರೆಯ ಎಡಗಡೆಗೆ ಹೋಗಿ ಅಂಗೈಯನ್ನು ಮೂಗಿಗೆ ಹಿಡಿದಳು. ಅದು ಮೂಸಿತು, ಕಚ್ಚಲಿಲ್ಲ. ಗೊಂಡೆಯನ್ನು ಸರಿಸಿ ಎಡಗಿವಿಯನ್ನು ಮೆಲ್ಲಗೆ ಮಗುಚಿದಳು. ಒಳಗೆ ಕಂದು ಕೂದಲಿನ ನಡುವೆ ಒಂದರ ಪಕ್ಕಕ್ಕೆ ಇನ್ನೊಂದು, ಎರಡು ಬಿಳಿ ಬೊಟ್ಟುಗಳಿದ್ದವು.

ಅವಳು ಕಿವಿಯನ್ನು ಬಿಟ್ಟು ತೊಟ್ಟಿಯ ಅಂಚು ಹಿಡಿದುಕೊಂಡಳು. ಮರಿ ಹುಟ್ಟಿದ ವರ್ಷ ಗಂಡ ಸೊಸೈಟಿಯ ಇಲೆಕ್ಷನ್ನಿಗೆ ನಿಂತಿದ್ದ, ಗುತ್ತೇದಾರರ ಜೀಪಿನಲ್ಲಿ ಊರೂರು ತಿರುಗಿದ್ದ. ಲಗ್ನದ ಕುದುರೆ ಬೇಡವೆಂದು ಸಮಿತಿಯಲ್ಲಿ ಪೆನ್ನಿನ ಮುಚ್ಚಳ ತಿರುವಿದ್ದ. ಎಲ್ಲವನ್ನೂ ಅವಳು ನೋಡಿದ್ದಳು. ನೋಡುವುದರಲ್ಲಿ ತನ್ನಷ್ಟು ಎಚ್ಚರದವಳು ಇಲ್ಲವೆಂದುಕೊಂಡಿದ್ದವಳು, ನೋಡಿದ್ದನ್ನೆಲ್ಲ ಗಂಡ ಹೇಳಿದಂತೆ ನಂಬಿಕೊಂಡು ಬಂದಿದ್ದಳು.

ಅಷ್ಟರಲ್ಲಿ ಮೈಕು ಕೂಗಿತು. ಗಂಡು ಕುದುರೆಗಳಲ್ಲಿ ಮೊದಲನೆಯದು ಸರದಾರ. ಚಪ್ಪಾಳೆ ಬಿತ್ತು. ಶಾಂತಲಿಂಗಪ್ಪನ ಕೈಗೆ ಬಹುಮಾನದ ಢಾಲು ಬಂತು. ಡಾಕ್ಟರು ಕಾಗದ ನೋಡಿಕೊಂಡು ನಾಲ್ಕನೆಯ ನಿಯಮವನ್ನು ನಿಧಾನವಾಗಿ ಓದಿದರು.

ಢಾಲು ಹಿಡಿದಿದ್ದ ಕೈ ಕೆಳಗಿಳಿಯಿತು.

"ಏನಂದ್ರಿ ಡಾಕ್ಟರ? ಇನ್ನೊಮ್ಮಿ ಓದ್ರಿ."

ಡಾಕ್ಟರು ಮತ್ತೆ ಓದಿದರು. ಶಾಂತಲಿಂಗಪ್ಪ ಪೆಂಡಾಲಿನ ಕಡೆ ನೋಡಿದ. "ಇದು ಅಧ್ಯಕ್ಷನ ತಲಿ ಅಲ್ಲ. ಅವಗ ಇಷ್ಟು ಚೊಲೋ ಕನ್ನಡ ಬರಂಗಿಲ್ಲ. ಇದು ನಮ್ಮ ಮನ್ಯಾಗ ಉಂಡು ಓದಿದಾಕಿದು." ಢಾಲನ್ನು ಮೇಜಿನ ಮೇಲೆ ಇಟ್ಟ. "ಎಲ್ಲಾ ಕುದುರಿಗೂ ನನ್ನ ಕೊಟ್ಟಗಿ ಖುಲ್ಲಾ. ಟಾಂಗಾದ್ದು ಬರಲಿ, ಲಗ್ನದ್ದು ಬರಲಿ, ಬಗಲಾಗ ಹಾಸಿಗಿ ಹಾಸಿ ಕೊಡ್ತೇನಿ. ಒಂದ್ ಮನೀದು ಮಾತ್ರ ಬರಬಾರದು."

"ನಿಯಮ ನಿಯಮ," ಎಂದ ಬಸವಂತರಾಯ ಎದ್ದು ನಿಂತು. ಈ ಗಳಿಗೆಗಾಗಿಯೇ ಅವನು ಹೊಸ ಕೋಟು ಹಾಕಿಕೊಂಡು ಬಂದಿದ್ದ. "ಢಾಲು ಬೇಕು, ನಿಯಮ ಬ್ಯಾಡ. ಹೊಳಿ ಆಚೀ ಮಂದಿ ಹಿಂಗೇ."

"ಮರಿ ಕದ್ದವ ನಿಯಮ ಹೇಳಾಕ ಬಂದ್ಯಾ?"

"ಮರಿ ಸತ್ತದ. ಬಾಲ ಕಳಿಸೇನಿ. ನಿಮ್ಮ ಮನಿ ರೂಢೀನೇ ಮಾಡೇನಿ. ಅದನ್ನ ಅಂಗಳಕ್ಕ ಒಗದವ ನೀನು. ಇಷ್ಟು ಮಂದಿ ಮುಂದ ಹೇಳು, ಒಗದೀಯೋ ಇಲ್ಲೋ?"

ಜನರ ನಡುವೆ ಗುಸುಗುಸು ಎದ್ದಿತು. ಸತ್ತ ಮರಿಯ ಕುಚ್ಚನ್ನು ಬಿಸಾಡುವುದು ಸಣ್ಣ ಮಾತಲ್ಲ. ಶಾಂತಲಿಂಗಪ್ಪ ಸರದಾರನ ಹಗ್ಗ ಬಿಚ್ಚತೊಡಗಿದ. ಅವನು ಹೊರಟುಬಿಡುತ್ತಾನೆ. ಈಗ ಹೋದರೆ ಚಂದ್ರಿಯ ಕತೆ ಮುಗಿಯಿತು.

ಶಿವಕಾಂತಾ ಖಾಜಾನ ಕಡೆ ತಿರುಗಿದಳು. "ಈಕೀನ ಹಗ್ಗ ಒಂದೀಟು ನನ್ನ ಕೈಗೆ ಕೊಡ್ರಿ."

"ಯಾಕ? ಏನಾತು?" ಖಾಜಾ ಹಗ್ಗವನ್ನು ಎದೆಗೆ ಎಳೆದುಕೊಂಡ. "ದೊಡ್ಡವರ ಜಗಳದಾಗ ನನ್ನ ಕುದುರಿ ಯಾಕ್ರಿ? ಲಗ್ನದ ಸೀಜನ್ ಐತಿ."

"ಯಾರೂ ಕಸಗೊಳ್ಳಂಗಿಲ್ಲ. ನೀವೂ ಹಿಡಕೊಂಡು ಬರ್ರಿ."

ಅವನು ಬಂದ, ಹಗ್ಗ ಬಿಡಲಿಲ್ಲ. ಗೆಜ್ಜೆಯ ಸದ್ದಿಗೆ ಬಯಲಿನವರೆಲ್ಲ ತಿರುಗಿ ನೋಡಿದರು. ಲಗ್ನದ ಬರಾತಿನಲ್ಲಿ ನಡೆದಂತೆ ರೋಶನಿ ಕತ್ತು ಬಿಲ್ಲು ಮಾಡಿ, ಕಾಲೆತ್ತಿ ಎತ್ತಿ ನಡೆದು ಬಂತು. ಯಾರೋ ಸಿಳ್ಳೆ ಹಾಕಿದರು. ಬಸವಂತರಾಯ ಕುದುರೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಬೇಗ ಬೇಗ ಮೆಟ್ಟಿಲಿಳಿದು ಬಂದ.

"ಏನ್ ನಡಿಸೀಯಬೇ? ಒಳಗ ಹೋಗು."

ಅವಳು ಅಣ್ಣನ ಮುಂದೆ ನಿಂತು ಕುದುರೆಯ ಎಡಗಿವಿಯನ್ನು ಮಗುಚಿ ಹಿಡಿದಳು. ಎರಡೂ ಬಿಳಿ ಬೊಟ್ಟು ಕಂಡವು.

ಶಾಂತಲಿಂಗಪ್ಪ ಬಾಗಿ ನೋಡಿದ. ಬಹಳ ಹೊತ್ತು ನೋಡಿದ. ಹೆಬ್ಬೆರಳಿನಿಂದ ಒರೆಸಿ ನೋಡಿದ.

"ನಮ್ಮವರು ಒಂದೇ ಇಡ್ತಾರ," ಎಂದ.

"ನನ್ನ ಕೈ ಜಾರಿತ್ತು. ಆಗ ನಾ ಬಸುರಿ ಇದ್ದೆ."

"ಯಾವುದೋ ಕುದುರಿ ಕಿವ್ಯಾಗ ಯಾವುದೋ ಕಲಿ," ಎಂದ ಬಸವಂತರಾಯ. ಧ್ವನಿ ಏರಿತ್ತು. "ಈಕಿಗೆ ಮೊದಲಿಂದ ತಲಿ ಸರಿ ಇಲ್ಲ. ಓದಿ ಓದಿ ಹಿಂಗಾಗ್ಯಾಳ. ತವರಮನಿ ಕಂಡಕೂಡ್ಲೇ—"

"ಹಂಗಾರ ಆ ಬಾಲ ಯಾರದು?" ಶಾಂತಲಿಂಗಪ್ಪ ನೆಟ್ಟಗಾಗಿ ಅವನನ್ನೇ ನೋಡಿದ. "ಮರಿ ಇಲ್ಲೇ ಗೆಜ್ಜಿ ಕಟಗೊಂಡು ನಿಂತದ. ನಮ್ಮ ಮನಿಗೆ ನೀ ಕಳಿಸಿದ ಬಾಲ ಯಾರದು? ಮೊಳದುದ್ದ ಇತ್ತು. ಇಷ್ಟು ಮಂದಿ ಮುಂದ ಹೇಳು."

ಬಸವಂತರಾಯ ಅಭ್ಯಾಸ ಬಲದಿಂದ ಹೆಂಡತಿಯ ಕಡೆ ನೋಡಿದ. ಮಾತು ತಪ್ಪಿದಾಗಲೆಲ್ಲ ಅವನು ಹೀಗೇ ನೋಡುತ್ತಿದ್ದ. ಅವಳು ಒಂದು ಒಳ್ಳೆಯ ವಾಕ್ಯ ಹುಡುಕಿ ಕೊಡುತ್ತಿದ್ದಳು.

ಶಿವಕಾಂತಾ ಯೋಚಿಸುತ್ತಿದ್ದಳು. ಬಾಣಂತನದಿಂದ ಅತನೂರಿಗೆ ಮರಳಿದ ದಿನ ಅವಳು ಮೊದಲು ಹೋದದ್ದು ಕೊಟ್ಟಿಗೆಗೆ. ಚಂದ್ರಿಯ ಬಾಲ ಒಂದು ಕಡೆ ಮೊಂಡಾಗಿತ್ತು. ಜಾಲಿ ಬೇಲಿಗೆ ಸಿಕ್ಕಿ ಹರಿಯಿತು ಎಂದಿದ್ದ ಗಂಡ. ಜಾಲಿಗೆ ಸಿಕ್ಕ ಕೂದಲು ಎಳೆ ಎಳೆಯಾಗಿ ಹರಿಯುತ್ತದೆ. ಅದು ಹಾಗಿರಲಿಲ್ಲ, ಕತ್ತರಿ ಆಡಿಸಿದಂತೆ ನೆಟ್ಟಗಿತ್ತು. ಪಾಪ ಎಂದುಕೊಂಡು ಅವಳು ಮೊದಲಿನಂತೆಯೇ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ್ದಳು. ಬಾಲ ಸರಿಯಾಗುವ ತನಕ ದಿನವೂ ಬಾಚಿದ್ದಳು.

"ಚಂದ್ರೀದು," ಎಂದಳು.

"ಏನು?" ಎಂದ ಅಣ್ಣ.

"ತಾಯೀದು. ತಾಯಿ ಬಾಲ ಕತ್ತರಿಸಿ ಮಗಳದು ಅಂತ ಕಳಿಸ್ಯಾರ."

ನಾಲಿನವನ ಸುತ್ತಿಗೆ ನಿಂತಿತು. ಬಸವಂತರಾಯ ಕೈ ಎತ್ತಿದ. ಡಾಕ್ಟರು ನಡುವೆ ಬಂದು ನಿಂತರು. ಎತ್ತಿದ ಕೈಯನ್ನು ಅವನು ಕೋಟಿನ ಗುಂಡಿಗೆ ಇಳಿಸಿಕೊಂಡ, ಗುಂಡಿ ಹಾಕಿಕೊಳ್ಳಲಿಕ್ಕೇ ಎತ್ತಿದ್ದವನಂತೆ.

"ರಾಯರು ಬಾಲಕ್ಕೇ ಸುಳ್ಳು ಹೇಳಿಸ್ಯಾರಲ್ರಪ," ಎಂದ ಮಲ್ಲಣ್ಣ ಹಿಂದಿನಿಂದ. ಈ ಸಲ ನಕ್ಕವರು ಎಲ್ಲ ಕಡೆಯವರಾಗಿದ್ದರು.

ಶಾಂತಲಿಂಗಪ್ಪ ನಗಲಿಲ್ಲ. ಅವನು ರೋಶನಿಯ ಕತ್ತಿನ ಮೇಲೆ ಕೈಯಿಟ್ಟು ಖಾಜಾನಿಗೆ ಹೇಳಿದ: "ಈಕೀನ ನಮ್ಮ ಸರದಾರಗ ತರಬೇಕು ನೀ. ಹೆಣ್ಣು ಹುಟ್ಟಿದ್ರ ಅದು ನಮ್ಮ ಮನಿಗೆ ಬರಬೇಕು. ಅದು ನಮಗ ಬರಬೇಕಾದ ಮರಿ."

"ಕುದುರಿ ತರ್ತೇನ್ರಿ, ಮರಿ ಕೊಡಂಗಿಲ್ಲ," ಎಂದ ಖಾಜಾ. ಭಯ ಹೋಗಿ ಅವನಿಗೆ ಈಗ ಧೈರ್ಯ ಬಂದಿತ್ತು. "ಮೈಕಿನಾಗ ಈಗೇ ಓದಿದ್ರಲ್ರಿ ಡಾಕ್ಟರ್ ಸಾಬ್. ಮರಿ ಮ್ಯಾಲ ಹಕ್ಕಿಲ್ಲಂತ. ನಾ ಎರಡು ಸಲ ಕೇಳೇನಿ, ನೀವೇ ಇನ್ನೊಮ್ಮಿ ಓದಿಸಿದ್ರಿ."

ಶಾಂತಲಿಂಗಪ್ಪ ತಂಗಿಯ ಕಡೆ ತಿರುಗಿದ. ಆ ದಿನ ಮೊದಲ ಬಾರಿಗೆ ಅವಳ ಮುಖ ನೋಡಿದ. "ಭಾಳ ಗಟ್ಟಿ ಬರದೀ," ಎಂದ. ಅದು ಹೊಗಳಿಕೆಯಾಗಿರಲಿಲ್ಲ.

"ಅಣ್ಣಾ, ಚಂದ್ರಿಗೆ ಇದೇ ವರ್ಷ ಕಡೀದು. ಹೋಳಿಯೊಳಗ ಆಗಬೇಕು."

"ಗೊತ್ತದ. ಹಲ್ಲು ನೋಡೇನಿ." ಅವನು ಢಾಲನ್ನು ಮೇಜಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಕುದುರೀದೇನು ತಪ್ಪದ? ತನ್ನ ಬಾಲ ಯಾರ ಹೆಸರಿಗೆ ಹೋತು ಅಂತ ಅದಕ್ಕ ಗೊತ್ತಿತ್ತೇನು? ಬರಲಿ. ಇವತ್ತೇ ಬರಲಿ, ನನ್ನ ಹಿಂದೇ ಬರಲಿ. ಮೇವು ನಾ ಹಾಕ್ತೇನಿ."

ಶಿವಕಾಂತಾಳ ಕಣ್ಣು ತುಂಬಿದವು. "ನಾನೂ ಹೋಳಿಗೆ ಮಗಳನ್ನ ಕರಕೊಂಡು—"

"ಕುದುರಿ ಬರಲಿ," ಎಂದ ಅಣ್ಣ. "ನೀ ಬರಬ್ಯಾಡ. ನಾ ಹೊರಗ ಬೈದೆ, ನೀ ಒಳಗಿಂದ ಕೇಳಿದಿ. ಹೊರಗ ಬಂದು ಆ ಗಂಟು ಬಿಚ್ಚಿ ನೋಡಿದ್ದಿ ಅಂದ್ರ ಅವತ್ತೇ ಗೊತ್ತಾಗ್ತಿತ್ತು ನಿನಗ. ಎಣ್ಣಿ ಹಚ್ಚಿ ಬಾಚಿದ ಕುದುರಿ ಕೂದಲಾ ಅದು. ನೋಡಲಿಲ್ಲ ನೀ. ಕೂಸು ಎತಗೊಂಡು ಹ್ವಾದಿ."

ಹೇಳಬಹುದಾದ ವಾಕ್ಯಗಳೆಲ್ಲ ಅವಳ ಬಾಯಿಗೆ ಬಂದವು, ಒಂದೂ ಸರಿಯೆನಿಸಲಿಲ್ಲ. ಚಂದ್ರಿಯ ಬಳಿಗೆ ಹೋಗಿ ಹಗ್ಗ ಬಿಚ್ಚಿ ಬೀರಣ್ಣನ ಕೈಗೆ ಕೊಟ್ಟಳು. ಬೀರಣ್ಣ ತಲೆ ತಗ್ಗಿಸಿದ್ದ. "ನಾ ಗಂಟು ಒಯ್ದವ ಅಷ್ಟೇರಿ ಬಾಯಾರ," ಎಂದು ಗೊಣಗಿದ. "ಈಗ ಕುದುರಿ ಒಯ್ಯಿ," ಎಂದಳು ಅವಳು.

ಚಂದ್ರಿ ರೋಶನಿಯ ಪಕ್ಕದಲ್ಲೇ ಹಾದು ಹೋಯಿತು. ತಾಯಿ ಮಗಳು ಒಂದನ್ನೊಂದು ಗುರುತಿಸಲಿಲ್ಲ. ರೋಶನಿ ಕಿವಿ ಹಿಂದಕ್ಕೆ ಒತ್ತಿ ಕಚ್ಚಲು ಬಂತು. ಖಾಜಾ ಹಗ್ಗ ಜಗ್ಗಿದ.

ಬಸವಂತರಾಯ ಆಗಲೇ ಜೀಪಿನಲ್ಲಿ ಕುಳಿತು ಹಾರ್ನು ಒತ್ತುತ್ತಿದ್ದ. ಅವಳು ಹತ್ತಿದಳು. ಜೀಪು ಅತನೂರಿನ ದಾರಿ ಹಿಡಿಯಿತು. ತೊಗರಿ ಕೊಯ್ದ ಹೊಲಗಳಲ್ಲಿ ಕೂಳೆ ನಿಂತಿತ್ತು.

"ಮುಂದಿನ ವರ್ಷ ಪ್ರದರ್ಶನ ಆಗಂಗಿಲ್ಲ," ಎಂದ ಅವನು. "ಅಧ್ಯಕ್ಷ ನಾ. ನೋಡ್ತೇನಿ ಯಾರು ಮಾಡ್ತಾರ."

ಶಿವಕಾಂತಾ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಧೂಳಿನಾಚೆ ಹೊಳೆಯ ದಾರಿಯಲ್ಲಿ ಮರಳು ಬಣ್ಣದ ಎರಡು ಕುದುರೆಗಳು ಹೋಗುತ್ತಿದ್ದವು. ಮುಂದಿನದು ತಲೆ ಎತ್ತಿತ್ತು. ಹಿಂದಿನದು ಬೆನ್ನು ಬಾಗಿದ್ದರೂ ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತಿತ್ತು. ಬಾಲ ಉದ್ದವಾಗಿ, ತುಂಬಿ, ನೆಲದ ತನಕ ಇಳಿದಿತ್ತು.

"ಅರ್ಜಿ ಬರಿಯಾಕಿ ನಾನು," ಎಂದಳು.

ಅವನು ಗೇರು ಬದಲಿಸಿದ. ಅವಳು ತಿರುವು ಬರುವ ತನಕ ಹಿಂದಕ್ಕೇ ನೋಡುತ್ತಿದ್ದಳು.